ಹೆಕ್ಸೇನ್ ಕೋಣೆಯ ಕರ್ಪೂರ

ಮೊನ್ನೆ ಮೊಮ್ಮಗಳು ನವರಾತ್ರಿಯ ಗೊಂಬೆಗಳ ಮುಂದೆ ಇಡಲು ರಟ್ಟಿನ ಪಾರ್ಕೊಂದನ್ನು ಮಾಡುತ್ತಿದ್ದಳು. ಊಟದ ಮೇಜಿನ ಮೇಲೆ ಹಸಿರು ಕಾಗದ, ಐಸ್‌ಕ್ರೀಂ ಕಡ್ಡಿಯ ಬೇಲಿ, ಮಧ್ಯದಲ್ಲಿ ಮುಚ್ಚಳ ತೆಗೆದ, ರಬ್ಬರ್ ಸಿಮೆಂಟ್ ಎಂಬ ಅಂಟಿನ ಡಬ್ಬಿ. ನಾನು ಎಂದಿನಂತೆ ಸ್ನಾನ ಮುಗಿಸಿ, ಹಾಸಿಗೆ ಸರಿಮಾಡಿ ಕೆಳಗೆ ಬರುತ್ತಿದ್ದೆ. ಮೆಟ್ಟಿಲ ಅರ್ಧದಲ್ಲೇ ವಾಸನೆ ಬಂತು. ಸೈಕಲ್ ಪಂಕ್ಚರ್ ಅಂಗಡಿಯ ಸಲ್ಯೂಷನ್ ವಾಸನೆ ಎಂದರೆ ನಮ್ಮ ವಯಸ್ಸಿನವರಿಗೆ ತಿಳಿಯುತ್ತದೆ. ಮೂಗಿಗೆ ಹಿತ, ತಲೆಗೆ ಅಹಿತ. ಅದೇ ಹೊತ್ತಿಗೆ ಸೊಸೆ ಆರತಿ ತಟ್ಟೆಗೆ ಕರ್ಪೂರ ಹಾಕಿ ಬೆಂಕಿಪೊಟ್ಟಣ ಹುಡುಕುತ್ತಿದ್ದಳು.

ಆ ಎರಡು ವಾಸನೆಗಳು ಒಟ್ಟಿಗೆ ನನ್ನ ಮೂಗಿಗೆ ಬಂದದ್ದು ಅದಕ್ಕೆ ಮುಂಚೆ ಒಂದೇ ಒಂದು ಸಲ. ನಾನು ಕೈಗಂಬಿ ಹಿಡಿದು ನಿಂತೆ. ನಾನು ಒಂದೆರಡು ವರ್ಷ ದುಡಿದ ಮೆಣಸಿನಕಾಯಿ ಕಾರ್ಖಾನೆಯ ಮ್ಯಾನೇಜರ್ ನೆನಪಾದರು.

ಅವರು ಹೋದ ತಿಂಗಳು ತೀರಿಕೊಂಡರು. ಇಲ್ಲೇ, ಶಿಕಾಗೋ ಬಳಿಯ ಶಾಮ್‌ಬರ್ಗ್‌ನಲ್ಲಿ ಅವರಿಗಾಗಿ ಒಂದು ಸಭೆ ನಡೆಯಿತು, ಬಹಳ ಜನ ಸೇರಿದ್ದರು, ಬಹಳ ಒಳ್ಳೆಯ ಮಾತುಗಳು ಬಂದವು. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ನನಗೂ ಮನೆಯಲ್ಲಿ ಕಲಿಸಿದ್ದಾರೆ. ಪ್ರಯತ್ನ ಪಟ್ಟೆ. ಆಗಲಿಲ್ಲ.

ನಾನು ಡೆಟ್ರಾಯಿಟ್ ಬಳಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಬಹುಕಾಲ ದುಡಿದವನು. ಕಾರುಗಳಿಗೆ ಹೊಡೆಯುವ ಬಣ್ಣ. ಅಲ್ಲಿ ಕಾಲಿಟ್ಟ ಕಡೆಯಲ್ಲೆಲ್ಲ ಥಟ್ಟನೆ ಹೊತ್ತಿಕೊಳ್ಳುವ ದ್ರವಗಳು. ಮೊದಲ ದಿನವೇ ನನ್ನ ಮೇಲಿನವನೊಬ್ಬ ಹೇಳಿದ್ದ: ಇಲ್ಲಿ ಜಾಣತನ ಬೇಡ, ಕ್ರಮ ಬೇಕು. ಆ ಮಾತು ನನಗೆ ಒಗ್ಗಿತು. ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು, ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿಯೇ ಹೊರಡುವುದು ಎಂದು ಬೆಳೆದವನಿಗೆ ಕ್ರಮವೇನು ಕಷ್ಟವೇ?

ಆರ್ಥಿಕ ಹಿಂಜರಿತ ಬಂತು. ಕಾರು ಕೊಳ್ಳುವವರಿಲ್ಲ ಎಂದಮೇಲೆ ಬಣ್ಣ ಯಾರಿಗೆ ಬೇಕು? ನಮ್ಮ ಕಾರ್ಖಾನೆಗೆ ಬೀಗ ಬಿತ್ತು. ನಮ್ಮ ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆಯ ಮುಂದೆ ಮಾರಾಟದ ಫಲಕ ನಿಂತಿತು, ನಮ್ಮ ಮನೆಯ ಮುಂದೂ. ನನ್ನ ವಯಸ್ಸಿನವನನ್ನು ಯಾರೂ ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ ಎಂದು ನಾನು ತೀರ್ಮಾನಿಸಿದ್ದಾಗ ಕರೆದವರು ಮ್ಯಾನೇಜರ್. ಶಿಕಾಗೋ ಬಳಿಯ ಹಾಫ್‌ಮನ್ ಎಸ್ಟೇಟ್ಸ್‌ನ ಒಂದು ಗೃಹಪ್ರವೇಶದಲ್ಲಿ, ಎಲೆಯ ಮುಂದೆ ಪಕ್ಕದಲ್ಲಿ ಕೂತಿದ್ದರು. ನನ್ನ ಕೆಲಸದ ಬಗ್ಗೆ ಕೇಳಿ, ಪಾಯಸ ಮುಗಿಯುವ ಮುಂಚೆಯೇ, "ನಿಮ್ಮಂಥೋರೇ ಬೇಕು ರಾಯರೇ ನಮಗೆ. ಸೋಮವಾರ ಬಂದ್ಬಿಡಿ" ಅಂದರು.

ನಾನು ಹೋದೆ. ಮಾರಾಟವಾಗದ ಮನೆಯನ್ನು ಕಾಯುತ್ತ ನನ್ನ ಹೆಂಡತಿ ಡೆಟ್ರಾಯಿಟ್‌ನಲ್ಲೇ ಉಳಿದಳು. ಶಿಕಾಗೋ ವಿಮಾನ ನಿಲ್ದಾಣದ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ನನಗೊಂದು ಚಿಕ್ಕ ಅಪಾರ್ಟ್‌ಮೆಂಟು. ತಲೆಯ ಮೇಲೆ ಇಡೀ ದಿನ ವಿಮಾನಗಳು. ವಾರಾಂತ್ಯಕ್ಕೆ ಡ್ರೈವ್ ಮಾಡಿಕೊಂಡು ಊರಿಗೆ. ಕೆಲಸವಿದೆ ಎಂಬುದೇ ಆಗ ದೊಡ್ಡ ಮಾತು. ಹಾಗಾಗಿ ಮ್ಯಾನೇಜರ ಬಗ್ಗೆ ನನಗೆ ಕೃತಜ್ಞತೆಯೇ ಇತ್ತು. ಅದನ್ನು ಮೊದಲೇ ಬರೆದಿಡುತ್ತೇನೆ.

ಕಾರ್ಖಾನೆ ಗೋದಾಮುಗಳ ಸಾಲಿನ ಹಿಂದೆ ಇತ್ತು. ಸಣ್ಣದು. ಮಾಲೀಕರು ಅಮೆರಿಕದವರೇ ಆದ ಅಣ್ಣತಮ್ಮಂದಿರು, ಇರುತ್ತಿದ್ದದ್ದು ಫ್ಲಾರಿಡಾದಲ್ಲಿ. ಇಲ್ಲಿ ಎಲ್ಲವೂ ಮ್ಯಾನೇಜರದೇ. ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಎತ್ತರದ ಸ್ಟೀಲ್ ಪಾತ್ರೆಯೊಂದಕ್ಕೆ ತುಂಬಿ, ಅದರ ಮೇಲೆ ಹೆಕ್ಸೇನ್ ಎಂಬ ದ್ರವ ಹರಿಸುತ್ತಿದ್ದರು. ಹೆಕ್ಸೇನ್ ಮೆಣಸಿನಕಾಯಿಯ ಬಣ್ಣವನ್ನೂ ಸತ್ವವನ್ನೂ ಹೀರಿಕೊಂಡು ಕೆಳಗಿಳಿಯುತ್ತದೆ. ಆಮೇಲೆ ಅದನ್ನು ಕಾಯಿಸಿ ಹಾರಿಸಿದರೆ ರಕ್ತದಂಥ ಗಟ್ಟಿ ಎಣ್ಣೆ ಉಳಿಯುತ್ತದೆ. ಚಿಪ್ಸು, ಸಾಸುಗಳಿಗೆ ಬಣ್ಣ ಬರುವುದು ಅದರಿಂದ. ಆ ಪಾತ್ರೆಗೆ ಎಕ್ಸ್‌ಟ್ರಾಕ್ಟರ್ ಎಂದು ಹೆಸರು.

ಹೆಕ್ಸೇನ್ ಪೆಟ್ರೋಲಿನ ಜಾತಿಯದು, ರಬ್ಬರ್ ಸಿಮೆಂಟಿನ ವಾಸನೆಯೂ ಅದೇ ಜಾತಿಯದು. ಅದರ ಆವಿ ಗಾಳಿಗಿಂತ ಭಾರ. ಮೇಲೇರಿ ಹೋಗುವುದಿಲ್ಲ, ನೆಲದ ಮೇಲೆ ಹರಡುತ್ತದೆ, ಮೂಲೆಯಲ್ಲಿ ತಂಗುತ್ತದೆ, ಬಾಗಿಲ ಸಂದಿನಿಂದ ಆಚೆಗೆ ಜಾರುತ್ತದೆ. ಕಿಡಿಯೊಂದು ದೂರದಲ್ಲಿದ್ದರೂ ಅದನ್ನು ಮುಟ್ಟಿ, ಬೆಂಕಿಯನ್ನು ಬಂದ ದಾರಿಯಲ್ಲೇ ಪಾತ್ರೆಯವರೆಗೂ ತರುತ್ತದೆ. ಅದಕ್ಕೇ ಅಂಥ ಕೋಣೆಯಲ್ಲಿ ಗಾಳಿ ಎಳೆಯುವ ಜಾಲರಿಗಳನ್ನು ನೆಲಮಟ್ಟದಲ್ಲಿ ಇಡುತ್ತಾರೆ. ಆವಿ ಹೆಚ್ಚಾದರೆ ಕೂಗುವ ಡಿಟೆಕ್ಟರನ್ನೂ ಮೊಣಕಾಲಿನ ಎತ್ತರದಲ್ಲೇ ಕೂರಿಸುತ್ತಾರೆ.

ಅಲ್ಲಿನ ಸುರಕ್ಷತೆ ನನ್ನ ಪಾಲಿನ ಕೆಲಸ, ಸೇರಿದ ವಾರವೇ ಕ್ರಮ ಹಾಕಿಕೊಟ್ಟೆ. ಫೋನು, ಲೈಟರ್, ಕಾರಿನ ಕೀ ಎಲ್ಲವೂ ಹೊರಗಿನ ಶೆಲ್ಫಿನಲ್ಲಿ. ಹತ್ತಿಬಟ್ಟೆ ಮಾತ್ರ, ನೈಲಾನು, ರೇಷ್ಮೆ ಒಳಗೆ ಬರಕೂಡದು, ಏಕೆಂದರೆ ಚಳಿಗಾಲದ ಒಣಹವೆಯಲ್ಲಿ ಅವು ಚಟಚಟ ಎಂದು ಕಿಡಿ ಹಾರಿಸುತ್ತವೆ. ಬಾಗಿಲ ಪಕ್ಕದ ತಾಮ್ರದ ತಗಡನ್ನು ಬರಿಗೈಯಲ್ಲಿ ಮುಟ್ಟಿ ಮೈಯ ವಿದ್ಯುತ್ತನ್ನು ನೆಲಕ್ಕಿಳಿಸಿಯೇ ಒಳಗೆ ಹೆಜ್ಜೆ. ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಸುರಿಯುವಾಗ ಎರಡಕ್ಕೂ ತಂತಿ ಕಟ್ಟಬೇಕು. ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ ನೈಟ್ರೋಜನ್ ಹಾಯಿಸಿ ಆವಿಯನ್ನು ಹೊರದೂಡಬೇಕು. ಆವಿ ಅಳೆಯುವ ಕೈಮೀಟರಿನಲ್ಲಿ ಗಾಳಿ ನೋಡುವಾಗ ಬಗ್ಗಿ ನೋಡಬೇಕು, ನಿಂತಲ್ಲ.

ಮ್ಯಾನೇಜರ್ ಎಲ್ಲದಕ್ಕೂ ತಲೆಯಾಡಿಸಿದರು. "ಮಿಲಿಟರಿ ಶಿಸ್ತು ಕಣ್ರೀ ರಾಯರದು" ಎಂದು ಊಟದ ಕೋಣೆಯಲ್ಲಿ ಎಲ್ಲರೆದುರು ಹೊಗಳಿದರು. ಆಮೇಲೆ, "ಪಾಪ, ಅವರ ಮನೆಯವ್ರು ಒಗ್ಗರಣೆ ಹಾಕೋಕ್ಮುಂಚೆ ಮೀಟರ್ ಹಿಡೀಬೇಕೇನೋ!" ಎಂದು ನಗಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮನುಷ್ಯನ ಮುಂದೆ ನಗದಿರುವುದು ಕಷ್ಟವಿತ್ತು. ಹಣೆಯಲ್ಲಿ ಸಣ್ಣ ಕುಂಕುಮದ ಗೆರೆ, ಒಳ್ಳೆಯ ಕಂಠ, ಯಾರ ಮನೆಯಲ್ಲಿ ಕಾರ್ಯವಿದ್ದರೂ ಹಂಡೆ ಎತ್ತಲು ಮೊದಲು ಬರುವವರು. ಶುಕ್ರವಾರ ಮನೆಯಿಂದ ಬಿಸಿಬೇಳೆಬಾತ್ ತಂದು ಕಾರ್ಖಾನೆಯವರಿಗೆಲ್ಲ ತಾವೇ ಬಡಿಸುತ್ತಿದ್ದರು. ಗಂಡಂದಿರ ಕೆಲಸ ಹೋದ ಮನೆಗಳ ಹೆಂಗಸರಿಗೆ ಪ್ಯಾಕಿಂಗ್‌ನಲ್ಲಿ ಕೆಲಸ ಕೊಟ್ಟಿದ್ದರು. ಈ ಮಾತುಗಳೆಲ್ಲ ಸಭೆಯಲ್ಲಿ ಬಂದವು. ಸುಳ್ಳಲ್ಲ.

ಆದರೆ ಮೊದಲ ಚಳಿಗಾಲದಲ್ಲೇ ನೋಡಿದೆ. ನೆಲದ ಜಾಲರಿಗಳ ಮೇಲೆ ರಟ್ಟು ಅಂಟಿಸಲಾಗಿತ್ತು. ಫ್ಯಾನು ಬಿಸಿಗಾಳಿಯನ್ನೂ ಎಳೆದು ಹೊರಗೆ ಹಾಕುತ್ತದೆ, ಕಾಲು ಮರಗಟ್ಟುತ್ತದೆ, ಹೀಟಿಂಗ್ ಖರ್ಚು ಏರುತ್ತದೆ ಎಂದು ಅವರ ವಾದ. ನಾನು ರಟ್ಟು ಕಿತ್ತೆ. ಮಾರನೆಯ ದಿನ ಮತ್ತೆ ರಟ್ಟು. ಮತ್ತೆ ಕಿತ್ತೆ.

ಆಮೇಲೊಂದು ಬೆಳಗ್ಗೆ ಡಿಟೆಕ್ಟರಿನ ತಲೆಗೆ ಹೋಟೆಲಿನ ಸ್ನಾನದ ಟೋಪಿ ಹಾಕಿತ್ತು! ಎಲಾಸ್ಟಿಕ್ ಅಂಚಿನ ಪ್ಲಾಸ್ಟಿಕ್ ಟೋಪಿ, ಹೆಂಗಸರು ಕೂದಲು ನೆನೆಯದಿರಲೆಂದು ಹಾಕಿಕೊಳ್ಳುವಂಥದ್ದು. ಆವಿ ಅದರ ಮೂಗಿಗೆ ತಾಗದಂತೆ ಬಿಗಿಯಾಗಿ ಕೂತಿತ್ತು.

"ಏನಿದು?" ಎಂದೆ.

"ಕುಲಾವಿ, ರಾಯರೇ" ಅಂದರು ಮ್ಯಾನೇಜರ್, ಕಾಫಿ ಹೀರುತ್ತ. "ಚಳಿ ಅಲ್ವಾ, ಪಾಪ ಅದಕ್ಕೂ ನೆಗಡಿ. ಸುಮ್ಸುಮ್ನೆ ಸೀನತ್ತೆ. ಅದು ಸೀನಿದಾಗೆಲ್ಲ ಮಷೀನ್ ನಿಂತ್ಹೋಗತ್ತೆ."

"ಅದು ಸೀನಿದರೆ ನಾವು ಓಡಬೇಕು ಸಾರ್. ಅದಕ್ಕೇ ಇಟ್ಟಿರೋದು."

"ಓಡಿದ್ರೆ ಆರ್ಡರ್ ಯಾರು ಮುಗಿಸ್ತಾರೆ? ಎಲ್ಲಿಗೆ ಓಡ್ತೀರಾ ಈಗ? ಡೆಟ್ರಾಯಿಟ್‌ಗಾ?"

ನಗುತ್ತಲೇ ಅಂದರು. ನಾನು ಟೋಪಿ ತೆಗೆದು ಜೇಬಿಗೆ ಹಾಕಿಕೊಂಡೆ. ವಾರ ಕಳೆಯುವುದರೊಳಗೆ ಇನ್ನೊಂದು ಬಂತು, ಬೇರೆ ಹೋಟೆಲಿನದು. ಯಾವ ಯಾವ ಊರಿನ ಯಾವ ಯಾವ ಹೋಟೆಲಿನ ಸ್ನಾನದ ಮನೆಯಿಂದ ಅವನ್ನು ಎತ್ತಿಕೊಂಡು ಬರುತ್ತಿದ್ದರೋ... ನೆನೆದರೆ ಈಗಲೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಎಕ್ಸ್‌ಟ್ರಾಕ್ಟರ್ ಕೋಣೆಯ ಜವಾಬ್ದಾರಿ ಕೆಮಿಸ್ಟ್ ಹೆಣ್ಣುಮಗಳೊಬ್ಬಳದು. ಧಾರವಾಡದ ಕಡೆಯವಳು, ಮೂವತ್ತು ದಾಟಿದವಳು, ಮಾತು ಜೋರು, ಕೆಲಸ ಚೊಕ್ಕ. ಗಂಡ ಐಟಿ ಕನ್ಸಲ್ಟೆಂಟ್. ಅವನ ಪ್ರಾಜೆಕ್ಟು ಮುಗಿದು, ಕಂಪನಿ ಕೈಬಿಟ್ಟು, ಇಬ್ಬರೂ ಇವಳ ವೀಸಾದ ಮೇಲೆ ಉಳಿದಿದ್ದರು. ಈ ಕಾರ್ಖಾನೆಯ ಕೆಲಸ ಹೋದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. "ನಮ್ಮನಿಯವ್ರು ಈಗ ಮನ್ಯಾಗ ಚಪಾತಿ ಲಟ್ಟಸ್ತಾರ್ರಿ ಅಂಕಲ್" ಅನ್ನುತ್ತಿದ್ದಳು. "ಅಮೆರಿಕಾದ ನಕಾಶಾನೂ ಬರ್ತದ, ಆಸ್ಟ್ರೇಲಿಯಾದ್ದೂ ಬರ್ತದ. ದುಂಡಗ ಒಂದೂ ಬರಂಗಿಲ್ಲ."

ನಾನು ಹಾಕಿದ ಕ್ರಮ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಓದಿಕೊಂಡಿದ್ದಳು, ಸೂರತ್ತಿನ ಕಡೆ ಇಂಥದೇ ಕೆಲಸ ಮಾಡಿ ಬಂದಿದ್ದಳು. "ಹೆಕ್ಸೇನ್ ಬೆಕ್ಕಿನಂಗ ಅಂಕಲ್, ನೆಲಕ್ಕ ಮೈ ಹಚ್ಚಿ ಬರ್ತದ" ಎಂದು ಬಗ್ಗಿ ಮೀಟರ್ ಹಿಡಿಯುತ್ತಿದ್ದಳು. ಟೋಪಿಯನ್ನು ಕಂಡಾಗ ತೆಗೆಯುತ್ತಿದ್ದಳು. ಆದರೆ ಬಾಯಿ ಬಿಟ್ಟು ಮ್ಯಾನೇಜರಿಗೆ ಏನೂ ಅನ್ನುತ್ತಿರಲಿಲ್ಲ. ಅವರೂ ಅವಳನ್ನು "ಬಾಮ್ಮ ಮಗಳೇ" ಎಂದೇ ಕರೆಯುತ್ತಿದ್ದರು. ಆ ಮಗಳ ಕಾಗದಪತ್ರವೆಲ್ಲ ತಮ್ಮ ಕೈಯಲ್ಲಿದೆ ಎಂಬುದು ಆ ಕರೆಯುವ ದನಿಯಲ್ಲೇ ಇತ್ತು.

ಎರಡನೆಯ ವರ್ಷದ ದಸರೆ ಹತ್ತಿರ ಬಂತು. ಸುತ್ತಲಿನ ಗೋದಾಮುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದರೂ ನಮ್ಮ ಕೆಲಸ ನಿಂತಿರಲಿಲ್ಲ. ಮ್ಯಾನೇಜರ್ ಎಲ್ಲರನ್ನೂ ಕರೆದು, "ಈ ಸಲ ಆಯುಧಪೂಜೆ ಗ್ರ್ಯಾಂಡಾಗಿ ಮಾಡ್ಬೇಕು. ಫ್ಯಾಮಿಲಿ ಕರ್ಕೊಂಡು ಬನ್ನಿ. ನಮಗೆ ದೃಷ್ಟಿ ಬಹಳ ಆಗಿದೆ" ಅಂದರು.

ನಾನು ಹೇಳಿದೆ: ಪೂಜೆ ಆಗಲಿ. ಎಕ್ಸ್‌ಟ್ರಾಕ್ಟರಿಗೆ ಹೂವು, ಅರಿಶಿನ, ಕುಂಕುಮ ಇಡೋಣ. ಆದರೆ ದೀಪ, ಊದುಬತ್ತಿ, ಆರತಿ ಎಲ್ಲ ಅಂಗಳದ ಆಚೆಯ ಊಟದ ಕೋಣೆಯಲ್ಲಿ. ಎಕ್ಸ್‌ಟ್ರಾಕ್ಟರ್ ಕೋಣೆಯೊಳಗೆ ಒಂದು ಕಡ್ಡಿಯೂ ಗೀರಕೂಡದು.

"ಅಷ್ಟೇ ತಾನೆ? ಪ್ರಾಮಿಸ್" ಎಂದು ಎದೆಯ ಮೇಲೆ ಕೈಯಿಟ್ಟರು.

ಪೂಜೆಯ ಹಿಂದಿನ ದಿನ ನನ್ನನ್ನು ಕರೆದು, ಡೆಟ್ರಾಯಿಟ್‌ನಲ್ಲಿ ಮುಚ್ಚುತ್ತಿರುವ ಕಾರ್ಖಾನೆಯೊಂದರಲ್ಲಿ ಆವಿಯನ್ನು ತಣಿಸುವ ಒಳ್ಳೆಯ ಕಂಡೆನ್ಸರ್ ಮಾರಾಟಕ್ಕಿದೆ, ನಾಳೆಯೇ ನೋಡಬೇಕಂತೆ, ನಿಮ್ಮಷ್ಟು ತಿಳಿದವರು ಬೇರೆ ಯಾರಿದ್ದಾರೆ ಎಂದರು. "ಹಾಗೇ ಹಬ್ಬಕ್ಕೆ ಮನೆಯವ್ರ ಜೊತೇಲೂ ಇದ್ದ ಹಾಗಾಯ್ತು." ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆ. ಬೆಳಗಾಗುತ್ತಲೇ ಹೊರಟೆ.

ಇಂಡಿಯಾನಾ ದಾಟಿ ಮಿಷಿಗನ್ ಮುಟ್ಟಿದ್ದೆ. ಫೋನು ಬಂತು. ಕೆಮಿಸ್ಟ್.

"ಅಂಕಲ್, ಡ್ರೈವ್ ಮಾಡ್ಲಿಕ್ಕತ್ತೀರೇನು? ಬಾಜೂಕ ನಿಲ್ಲಸ್ರಿ."

ನಿಲ್ಲಿಸಿದೆ.

"ಎಕ್ಸ್‌ಟ್ರಾಕ್ಟರ್ ಹಿಂದ ಒಂದು ಚೀಲ ಇಟ್ಟಾರ್ರಿ. ಒಳಗ ಬೂದುಗುಂಬಳಕಾಯಿ, ಕರ್ಪೂರ, ಕಡ್ಡಿಪೆಟ್ಟಿಗಿ. ಕಾಯಿ ಮ್ಯಾಲೆ ಕರ್ಪೂರ ಹಚ್ಚಿ, ಮಷೀನಿಗೆ ನಿವಾಳಿಸಿ, ಅಲ್ಲೇ ಒಡೀತಾರಂತ."

ಇದನ್ನು ಓದುವವರು ಆ ಪದ್ಧತಿಯನ್ನು ಕಂಡಿರುತ್ತಾರೆ. ಅಂಗಡಿಯ ಮುಂದೆ, ಲಾರಿಯ ಮುಂದೆ ಕುಂಬಳಕಾಯಿ ನೆಲಕ್ಕೆ ಅಪ್ಪಳಿಸಿದಾಗ ಹೋಳಿನ ಜೊತೆಗೆ ಉರಿಯುವ ಕರ್ಪೂರದ ಚೂರುಗಳೂ ನೆಲದ ಮೇಲೆ ಅತ್ತಿತ್ತ ಉರುಳಿ ಹೋಗುತ್ತವೆ. ನಮ್ಮೂರಿನ ರಸ್ತೆಯಲ್ಲಿ ಅದು ಮಕ್ಕಳಿಗೆ ಆಟ. ಹೆಕ್ಸೇನ್ ತಂಗುವುದೂ ಅದೇ ನೆಲದ ಮೇಲೆ.

"ಅವರನ್ನ ಕೇಳಿದೆಯಾ?"

"ಕೇಳ್ದೆ. ‘ನಿಮ್ಮ ಅಂಕಲ್‌ಗೆ ಹೇಳ್ಬೇಡಮ್ಮ, ಪಾಪ ಬಿಪಿ ಇದೆ’ ಅಂದ್ರು."

ಆಗ ತಿಳಿಯಿತು ಕಂಡೆನ್ಸರಿನ ಕಥೆ. ಫೈರ್ ಅಲಾರಂ ಎಳೆ, ಎಲ್ಲರನ್ನೂ ಹೊರಗೆ ಕಳಿಸು, ಇಲ್ಲವಾದರೆ ಫೈರ್ ಡಿಪಾರ್ಟ್‌ಮೆಂಟಿಗೆ ನಾನೇ ಫೋನ್ ಮಾಡುತ್ತೇನೆ ಎಂದೆ.

"ಬ್ಯಾಡ್ರಿ. ಈಗ ಅವ್ರು ಬಂದ್ರ ಇಲ್ಲಿ ಬೆಂಕಿ ಎಲ್ಲಿರ್ತದ? ಚೀಲ ಎತ್ತಿ ಕಾರಿನ್ಯಾಗ ಇಡ್ತಾರ. ನನ್ನ ಹುಚ್ಚಿ ಅಂತಾರ, ಮಧ್ಯಾಹ್ನ ಮತ್ತ ಹಚ್ಚತಾರ. ಪೂಜಾಕ್ಕ ಸಣ್ಣ ಹುಡುಗ್ರೂ ಬರ್ತಾವ ಅಂಕಲ್... ಬ್ಯಾಚ್ ಇಳಿಸಿಬಿಡ್ತೀನಿ."

ಎಂದರೆ, ಅರ್ಧ ಆಗಿದ್ದ ಕೆಲಸವನ್ನು ನಿಲ್ಲಿಸಿ, ಪಾತ್ರೆಯೊಳಗಿನ ಹೆಕ್ಸೇನನ್ನೆಲ್ಲ ಹೊರಗಿನ ಟ್ಯಾಂಕಿಗೆ ಇಳಿಸಿ, ಹಬೆ ಹಾಯಿಸಿ, ನೈಟ್ರೋಜನ್ ಹಾಯಿಸಿ, ಕೋಣೆಯ ಗಾಳಿಯನ್ನು ಪೂರ್ತಿ ಬದಲಿಸುವುದು. ಒಳಗಿದ್ದ ಮೆಣಸಿನಕಾಯಿ ಹಾಳು. ಆ ಸರಕು ದೊಡ್ಡ ಗಿರಾಕಿಯೊಬ್ಬರಿಗೆ ಹೋಗಬೇಕಾದದ್ದು. ಅದು ತಪ್ಪಿದರೆ ಅವಳ ಮೇಲೆ ಬರುತ್ತದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ನಿನ್ನ ಕೆಲಸ ಹೋಗುತ್ತಮ್ಮ" ಎಂದೆ.

"ನೋಡೂಣು ಬಿಡ್ರಿ. ಮೀಟರ್ ಸೊನ್ನಿಗೆ ಬರ್ಲಿಲ್ಲಂದ್ರ ನಾನ ಅಲಾರಂ ಎಳೀತೀನಿ. ಆಣಿ."

ಮುಂದಿನ ಎಕ್ಸಿಟ್‌ನಲ್ಲಿ ಕಾರು ತಿರುಗಿಸಿದೆ. ಮ್ಯಾನೇಜರಿಗೆ ಮತ್ತೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಶಿಕಾಗೋದ ಗಿಜಿಗಿಜಿಯೊಳಗೆ ಸಿಕ್ಕಿಕೊಂಡಿದ್ದಾಗ ಅವಳ ಫೋನು ಮತ್ತೆ ಬಂತು. ಹಿಂದೆ ಫ್ಯಾನುಗಳ ಭೋರ್ ಎನ್ನುವ ಸದ್ದು. "ಸೊನ್ನಿ ಅದ ಅಂಕಲ್. ಎಲ್ಲಾ ಮೂಲ್ಯಾಗೂ ಬಗ್ಗಿ ನೋಡ್ದೆ. ಸಾವಕಾಶ ಬರ್ರಿ."

ನಾನು ತಲುಪುವಾಗ ಪೂಜೆ ಮುಗಿದಿತ್ತು. ಎಕ್ಸ್‌ಟ್ರಾಕ್ಟರ್ ಕೋಣೆಯ ಬಾಗಿಲು ಹಾರುಹೊಡೆದಿತ್ತು. ರೇಷ್ಮೆಸೀರೆಗಳು, ರೇಷ್ಮೆಲಂಗದ ಮಕ್ಕಳು, ಕೈಕೈಯಲ್ಲಿ ಫೋನು, ಫೋಟೋ. ಸ್ಟೀಲ್ ಪಾತ್ರೆಗೆ ಸೇವಂತಿಗೆ ಹಾರ. ಗೋಡೆಗೆ, ನೆಲಕ್ಕೆ ಹತ್ತಿದ ಹಳೆಯ ಹೆಕ್ಸೇನ್ ವಾಸನೆಯ ಮೇಲೆ ಕರ್ಪೂರದ ಹೊಗೆ. ಪಾತ್ರೆಯ ಬುಡದಲ್ಲಿ ಕುಂಬಳಕಾಯಿ ಒಡೆದು ಬಿದ್ದಿತ್ತು, ಒಳಗಿನ ಕುಂಕುಮ ಕದಡಿ ಹರಿದಿತ್ತು. ಕರ್ಪೂರದ ಚೂರೊಂದು ಉರುಳಿ ಹೋಗಿ ನೆಲದ ಜಾಲರಿಯ ಅಂಚಿಗೆ ತಾಗಿ ಆರಿತ್ತು. ಅಲ್ಲಿ ಹೆಬ್ಬೆಟ್ಟಿನಷ್ಟು ಕಪ್ಪು ಮಸಿ. ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತೆ.

ಮ್ಯಾನೇಜರ್ ಸಜ್ಜಿಗೆಯ ತಟ್ಟೆ ಹಿಡಿದು ಬಂದರು. ಬೆರಳ ತುದಿಯಲ್ಲಿ ತುಪ್ಪ ಹೊಳೆಯುತ್ತಿತ್ತು. "ಅಯ್ಯೋ, ವಾಪಸ್ ಬಂದ್ಬಿಟ್ರಾ! ನೋಡಿದ್ರಾ ರಾಯರೇ? ಏನೂ ಆಗ್ಲಿಲ್ಲ. ಸುಮ್ನೆ ಹೆದರ್ತೀರಾ. ಭಕ್ತಿ ಇದ್ರೆ ಅವನೇ ಕಾಯ್ತಾನೆ. ತಗೊಳ್ಳಿ, ಪ್ರಸಾದ."

ಪ್ರಸಾದವನ್ನು ಬೇಡ ಎಂದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಕೆಮಿಸ್ಟ್ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಹಬ್ಬದ ಬಟ್ಟೆಯಲ್ಲಿದ್ದರೆ ಅವಳೊಬ್ಬಳೇ ಹತ್ತಿಯ ಕೋಟಿನಲ್ಲಿ. ಮೀಟರು ಇನ್ನೂ ಕೈಯಲ್ಲಿತ್ತು. ಮುಖದ ಬೆವರು ಒರೆಸಿಕೊಳ್ಳುತ್ತ ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದಳು. ಫೋಟೋದವರು ಅವಳನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದರು.

ಮಾರನೆಯ ಬೆಳಗ್ಗೆ ಮ್ಯಾನೇಜರಿಗೆ ಪಾತ್ರೆ ಖಾಲಿಯಿರುವುದು ತಿಳಿಯಿತು. ಊಟದ ಕೋಣೆಗೆ ಎಲ್ಲರನ್ನೂ ಕರೆದರು. ಮುಖದಲ್ಲಿ ನಗುವಿರಲಿಲ್ಲ, ನಗುವಿಲ್ಲದ ಆ ಮುಖವನ್ನು ನಾನು ಅಂದೇ ನೋಡಿದ್ದು.

"ಯಾರು ಇಳಿಸಿದ್ದು ಬ್ಯಾಚು?"

"ನಾನ್ರಿ."

"ಯಾರನ್ನ ಕೇಳಿ?"

"ನೀವು ಕರ್ಪೂರ ಹಚ್ಚವ್ರಿದ್ರಿ. ಹೆಕ್ಸೇನ್ ತುಂಬಿತ್ತು. ಹಂಗ ಬಿಟ್ಟಿದ್ರ ಇವತ್ತ ನೀವು ನನ್ನ ಕೇಳ್ಲಿಕ್ಕೆ ಇರ್ತಿದ್ದಿಲ್ಲ. ನಾನೂ ಹೇಳ್ಲಿಕ್ಕೆ ಇರ್ತಿದ್ದಿಲ್ಲ."

"ಹಬ್ಬದ ಮಾರನೇ ದಿನ ಅಪಶಕುನ ಆಡ್ಬೇಡ" ಅಂದರು. "ಎಲ್ಲರ ಕಣ್ಮುಂದೆ ಹಚ್ಚಿದೀನಿ. ಏನಾಯ್ತು? ಏನೂ ಆಗ್ಲಿಲ್ಲ. ನಿನ್ನಿಂದ ಆರ್ಡರ್ ಹೋಯ್ತು, ಅದು ಆಯ್ತು. ಮಗಳು ಅಂತ ನಂಬಿ ಕೊಟ್ನಲ್ಲಮ್ಮ ನಿನ್ನ ಕೈಗೆ."

ನಾನು ಎದ್ದು ನಿಂತೆ. ಏನೂ ಆಗದಿದ್ದದ್ದು ಇವಳಿಂದ, ಪಾತ್ರೆ ಖಾಲಿಯಿದ್ದದ್ದರಿಂದ ಎಂದು ಬಿಡಿಸಿ ಹೇಳಿದೆ. ಟೋಪಿಯ ವಿಷಯ, ರಟ್ಟಿನ ವಿಷಯ ಎಲ್ಲವನ್ನೂ ಹೇಳಿದೆ. ಕೂತಿದ್ದವರು ನೆಲ ನೋಡಿದರು. ಅವರಿಗೂ ಮನೆಗಳಿದ್ದವು, ಗಂಡಂದಿರಿಗೆ ಕೆಲಸವಿರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಮ್ಯಾನೇಜರ್ ಮಾತ್ರ ನನ್ನ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಬಿಪಿ ಮಾತ್ರೆ ತಗೊಂಡ್ರಾ ರಾಯರೇ?" ಎಂದು ಮೆತ್ತಗೆ ಕೇಳಿದರು. ಆ ಕೈಯ ಬಿಸಿ, ಆ ಮೆದುವು... ಜಾಡಿಸಿ ತೆಗೆದೆ.

ಅವಳನ್ನು ಅಂದೇ ತೆಗೆದರು. ನಿರ್ಲಕ್ಷ್ಯದಿಂದ ಸರಕು ಹಾಳುಮಾಡಿದಳು ಎಂದು ಕಾರಣ.

ನಾನು ಮಾಲೀಕರಿಗೆ ಫೋನ್ ಮಾಡಿದೆ. ಅಣ್ಣನಾದವನು ಸಮಾಧಾನದಿಂದ ಕೇಳಿ, ಯಾರಿಗಾದರೂ ಗಾಯವಾಯಿತೇ ಎಂದ. ಇಲ್ಲ ಎಂದೆ. ಹಾಗಾದರೆ ಒಳ್ಳೆಯದೇ ಆಯಿತಲ್ಲ ಎಂದ. ಅನಂತರ ಫೈರ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿದೆ. ಅವರು ಬಂದರು, ರಟ್ಟು ಕಂಡರು, ಟೋಪಿ ಕಂಡರು, ಸರಿಪಡಿಸುವವರೆಗೂ ಕೋಣೆ ತೆರೆಯಬಾರದು ಎಂದರು. ಮ್ಯಾನೇಜರ್ ಎಲ್ಲವನ್ನೂ ತಕ್ಷಣ ಸರಿಪಡಿಸಿದರು. ಹೊಸ ಫ್ಯಾನು, ಹೊಸ ಡಿಟೆಕ್ಟರ್. ಮುಂದೆ ಅದನ್ನೇ ತೋರಿಸಿ ತಮ್ಮ ಕಾರ್ಖಾನೆ ಎಷ್ಟು ಸುರಕ್ಷಿತ ಎಂದು ಹೇಳಿಕೊಂಡು ಓಡಾಡಿದರಂತೆ. ನಾನು ನೋಡಲಿಲ್ಲ. ಆ ವಾರವೇ ಅಪಾರ್ಟ್‌ಮೆಂಟ್ ತೊಳೆದು, ಕೀ ಕೊಟ್ಟು, ಡೆಟ್ರಾಯಿಟ್‌ಗೆ ಹೋಗಿದ್ದೆ. ಮನೆಯ ಮುಂದಿನ ಫಲಕ ಹಾಗೇ ಇತ್ತು.

ಕೆಮಿಸ್ಟ್ ಎಲ್ಲೆಲ್ಲೋ ಅಪ್ಲೈ ಮಾಡಿದಳು. ಕೆಲಸದಿಂದ ತೆಗೆದ ಕಾರಣ ಕೇಳಿದವರು ಮತ್ತೆ ಕರೆಯಲಿಲ್ಲ. ಆ ವರ್ಷಗಳಲ್ಲಿ ಕಾರಣವಿಲ್ಲದವರನ್ನೂ ಕರೆಯುತ್ತಿರಲಿಲ್ಲ. ಇಬ್ಬರೂ ಹೊರಟ ದಿನ ನಾನೇ ಹೋಗಿ ಓಹೇರ್ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ. ಸೂಟ್‌ಕೇಸು ಇಳಿಸುವ ಮುಂಚೆ ಅವಳು ಅಂಗೈಯನ್ನು ಕಾರಿನ ಬಾಗಿಲ ಲೋಹಕ್ಕೆ ಒತ್ತಿ ಹಿಡಿದು ನಿಂತಳು. ಗಂಡ, "ಏನದು?" ಎಂದ. ಅವಳು ನಕ್ಕಳು. "ಚಟಾ ಆಗಿಬಿಟ್ಟದ. ಮುಟ್ಟಿ ಒಳಗ ಹೋಗೂದು."

ಆಮೇಲೆ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಹುಬ್ಬಳ್ಳಿಯಲ್ಲಿ ಯಾವುದೋ ಲ್ಯಾಬಿನಲ್ಲಿದ್ದೇನೆ ಎಂದಿದ್ದಳು. ಆಮೇಲೆ ಬೇರೆ ಊರು ಎಂದ ನೆನಪು. ಒಂದು ವರ್ಷ ಫೋನು ಬರಲಿಲ್ಲ. ನಾನು ಮಾಡಿದರೆ ಆ ನಂಬರಿನಲ್ಲಿ ಬೇರೆ ಯಾರೋ ಎತ್ತಿದರು...

ಹೋದ ತಿಂಗಳ ಸಭೆಗೆ ನಾನು ಹೋಗಬೇಕಾಗಿರಲಿಲ್ಲ. ಹೆಂಡತಿ ಹೋದಮೇಲೆ ಈಗ ಮಗನ ಜೊತೆ ಶಾಮ್‌ಬರ್ಗ್‌ನಲ್ಲೇ ಇದ್ದೇನೆ. ಮಗ ಹೊರಟ, ಜೊತೆಗೆ ಹೋದೆ. ಹಾರ ಹಾಕಿದ ಫೋಟೋದಲ್ಲೂ ಅದೇ ನಗು. ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಕೊನೆಗೆ ಒಬ್ಬ ಎದ್ದು, "ನಾನಾಗ ಚಿಕ್ಕವನು, ಅಮ್ಮನ ಜೊತೆ ಹೋ‌ಗಿದ್ದೆ. ಹೆಕ್ಸೇನ್ ತುಂಬಿದ ಟ್ಯಾಂಕ್ ಮುಂದೆ ಅಂಕಲ್ ಕರ್ಪೂರ ಹಚ್ಚಿ ಕುಂಬಳಕಾಯಿ ಒಡೆದ್ರು. ಏನೂ ಆಗ್ಲಿಲ್ಲ! ಅಂಥ ನಂಬಿಕೆ ಅವರದು" ಎಂದ. ಚಪ್ಪಾಳೆ. ಈ ಕಥೆಯನ್ನು ಮ್ಯಾನೇಜರ್ ಎಷ್ಟು ಮನೆಗಳ ಊಟದಲ್ಲಿ, ಎಷ್ಟು ಸಲ ಹೇಳಿಕೊಂಡು ಬಂದಿದ್ದರೋ. ಸುತ್ತಲಿನ ಮುಖಗಳಿಗೆ ಅದು ಬಾಯಿಪಾಠವಾಗಿತ್ತು.

ನಾನು ಎದ್ದೆ. "ಅವತ್ತು ಪಾತ್ರೆ ಖಾಲಿ ಇತ್ತು" ಎಂದೆ. "ಖಾಲಿ ಮಾಡಿದವಳು ಬೇರೆ ಒಬ್ಬಳು. ಅದಕ್ಕೇ ಅವಳನ್ನು ಕೆಲಸದಿಂದ ತೆಗೆದರು."

ಮಗ ತೋಳು ಹಿಡಿದ. ಯಾರೋ ಹೆಣ್ಣುಮಗಳು ಬಂದು, "ಅಂಕಲ್, ಬಿಡಿ, ಊಟಕ್ಕೆ ಏಳೋಣ" ಎಂದಳು. ಆದರೆ ಆ ಹುಡುಗ, ಈಗ ಅವನೂ ಮಕ್ಕಳೊಂದಿಗ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದ. ಅವನ ಮುಖ ಬಿಳಿಚಿತ್ತು.

"ನಾವೆಲ್ಲ ಅಲ್ಲೇ ನಿಂತಿದ್ವಿ ಅಂಕಲ್, ಮುಂದೇನೇ. ಯಾರು ಅವರು? ಈಗ ಎಲ್ಲಿದಾರೆ?"

ಮ್ಯಾನೇಜರ ಫೋಟೋಕ್ಕೆ ಹಾರ ಹಾಕಲು ಅಷ್ಟು ಜನರಿದ್ದರು. ಅವಳ ಫೋನ್ ನಂಬರ್ ಇಟ್ಟುಕೊಂಡವನು ನಾನೊಬ್ಬ, ನಾನೂ ಕಳೆದುಕೊಂಡೆ.

ಮೊನ್ನೆ ಮೆಟ್ಟಿಲಿಳಿದವನೇ ಸೊಸೆಯ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು ಜೇಬಿಗೆ ಹಾಕಿದೆ. ರಬ್ಬರ್ ಸಿಮೆಂಟಿನ ಮುಚ್ಚಳ ಬಿಗಿಮಾಡಿ ಡಬ್ಬಿಯನ್ನು ಗ್ಯಾರೇಜಿನ ಶೆಲ್ಫಿಗೆ ಸಾಗಿಸಿದೆ. ಅಡಿಗೆಮನೆಯ ಕಿಟಕಿ, ಹಿಂಬಾಗಿಲು ಎರಡನ್ನೂ ತೆರೆದೆ. ಅಕ್ಟೋಬರಿನ ಗಾಳಿ ನುಗ್ಗಿ ಹಸಿರು ಕಾಗದಗಳು ಹಾರಿದವು.

"ತಾತಾ! ಇಟ್ಸ್ ಫ್ರೀಜಿಂಗ್!" ಎಂದು ಮೊಮ್ಮಗಳು ಕೂಗಿದಳು.

"ಇಷ್ಟು ಸಣ್ಣ ಡಬ್ಬಿ ಮಾವ" ಎಂದು ಸೊಸೆ ನಕ್ಕಳು.

ನಾನು ಬಗ್ಗಿ, ಮೇಜಿನ ಕೆಳಗೆ, ನೆಲದ ಹತ್ತಿರ ಮೂಗು ಒಯ್ದು ನೋಡಿದೆ. ಮೊಣಕಾಲು ನೋಯುತ್ತದೆ ಈಗ. ವಾಸನೆ ಪೂರ್ತಿ ಹೋಗುವವರೆಗೂ ಕಾದೆವು, ಮೂವರೂ, ಸ್ವೆಟರ್ ಹಾಕಿಕೊಂಡು. ಆಮೇಲೆ ಬೆಂಕಿಪೊಟ್ಟಣ ಕೊಟ್ಟೆ. ಸೊಸೆ ಕರ್ಪೂರ ಹಚ್ಚಿ ಗೊಂಬೆಗಳಿಗೆ ಆರತಿ ಎತ್ತಿದಳು.

ಏನೂ ಆಗಲಿಲ್ಲ.